ಗ್ರಾಮೀಣ ಶೀತೋಷ್ಣಾನುಜ್ಞಾ ಮೀಮಾಂಸೆ

ಹಳ್ಳಿಯ ಮನೆಯನ್ನು ತಂಪು ಮಾಡಲು ಯಾರ ಅಪ್ಪಣೆ ಬೇಕು, ಸ್ನಾನದ ನೀರು ಕಾಯಿಸಲು ಯಾರದು ಬೇಕು ಎಂಬ ಗಹನ ವಿಷಯವನ್ನು ವಿದ್ವಾಂಸರು ಮುಟ್ಟಿಲ್ಲ. ಅವರೆಲ್ಲ ಊರು ಬಿಟ್ಟು ಪೇಟೆ ಸೇರಿದ್ದಾರೆ. ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಬೇಕು. ವಿಷಯ ಸೆಕೆ. ಪ್ರಯೋಜನ ನಿದ್ದೆ. ಸಂಬಂಧ ಲೈನ್‌ಮ್ಯಾನ್ ಜೊತೆ ಚೆನ್ನಾಗಿರತಕ್ಕದ್ದು. ಅಧಿಕಾರಿ ಮೀಟಿಂಗಿಗೆ ತಾಲ್ಲೂಕಿಗೆ ಹೋಗಿದ್ದಾರೆ.

ಇನ್ನು ಪೂರ್ವಪಕ್ಷ. ರಾಯಚೂರು ಸೀಮೆಯ ಬೇಸಿಗೆ 42 ಡಿಗ್ರಿ ದಾಟುವುದುಂಟು. ಮಣ್ಣಿನ ಮಾಳಿಗೆಯ ಕಾಲದಲ್ಲಿ ಹಗಲು ಅದರ ಕೆಳಗೆ, ರಾತ್ರಿ ಅದರ ಮೇಲೆ ಮಲಗಿದರೆ ತೀರಿತು. ಆರ್‌ಸಿಸಿ ಬಂದು ಮೇಲೂ ಕೆಳಗೂ ಕಾವಲಿಯಾದ್ದರಿಂದ ಎಸಿ ಬಂತು. ಅದಕ್ಕೆ ಪಂಚಾಯಿತಿಯ ಅನುಮತಿ ಬೇಕೆಂದು ಕೆಲವರ ವಾದ. ತಪ್ಪು. 1993ರ ಪಂಚಾಯತ್ ರಾಜ್ ಅಧಿನಿಯಮ ಮನೆ ಕಟ್ಟಲು ಅನುಮತಿ ಕೇಳುತ್ತದೆ. ಕಟ್ಟಿದ ಮೇಲೆ ಒಳಗಿರುವವನು ಬೆವರಬೇಕೋ ಬೇಡವೋ ಎಂಬಲ್ಲಿ ಅದು ಮೌನಿ. ಆದರೂ ಸಂಶಯ ನಿವಾರಣೆಗೆಂದು ಕಚೇರಿಗೆ ಹೋದವನನ್ನು ನಮೂನೆ 9 ಎಲ್ಲಿ, 11ಎ ಎಲ್ಲಿ, ಮನೆಗಂದಾಯ ಕಟ್ಟಿದ್ದೀಯಾ ಎಂದು ಕೇಳಲಾಗುತ್ತದೆ. ಆದ್ದರಿಂದ ಹೋಗಬಾರದು ಎಂಬುದು ವೃದ್ಧಸಂಪ್ರದಾಯ.

ಸಿದ್ಧಾಂತವೇನೆಂದರೆ, ಅಪ್ಪಣೆ ಕೊಡಬೇಕಾದದ್ದು ವಿದ್ಯುತ್ ಕಂಪನಿ. ಒಂದೂವರೆ ಟನ್ನಿನ ಎಸಿ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಮನೆಗೆ ಮಂಜೂರಾದ ಲೋಡ್ ಒಂದೇ ಕಿಲೋವ್ಯಾಟ್ ಇದ್ದರೆ ಹೆಚ್ಚಿಸಿಕೊಳ್ಳಲು ಅರ್ಜಿ ಹಾಕಿ ಹಣ ಕಟ್ಟಬೇಕು. ಇದು ಲಿಖಿತ ನಿಯಮ. ಅಲಿಖಿತ ನಿಯಮವನ್ನು ಲೈನ್‌ಮ್ಯಾನ್ ಕಂಬದ ಮೇಲಿಂದಲೇ ಉಪದೇಶಿಸುತ್ತಾನೆ: "ಹಾಕ್ಸ್‌ರೀ ಸಾಹುಕಾರ್ರ, ಯಾರ್ ಬ್ಯಾಡಂದ್ರು? ಟಿಸಿ ತಡೀಬೇಕಲ್ರೀ!" ಟಿಸಿ ಎಂದರೆ ಊರಿನ ಟ್ರಾನ್ಸ್‌ಫಾರ್ಮರ್.

ಇಲ್ಲಿ ಗೃಹಜ್ಯೋತಿಯ ವಿಚಾರ ಪ್ರಾಸಂಗಿಕ. 2023ರ ಜುಲೈನಿಂದ ತಿಂಗಳಿಗೆ 200 ಯೂನಿಟ್ ಉಚಿತವೆಂದು ಲೋಕ ತಿಳಿದಿದೆ. ಭಾಷ್ಯ ಓದಿದವರಿಗೆ ಗೊತ್ತು: ಹಿಂದಿನ ಸರಾಸರಿ ಬಳಕೆಯ ಮೇಲೆ ಸಾಮಾನ್ಯವಾಗಿ ಶೇ. 10 ಮಾತ್ರ ಹೆಚ್ಚುವರಿ, 200 ದಾಟಿದರೆ ಪೂರ್ತಿ ಬಿಲ್ ತಲೆ ಮೇಲೆ. ಮೇಲೆ ಹೇಳಿದ ಯಂತ್ರ ಬಿಡುವಿಲ್ಲದೆ ರಾತ್ರಿ 8 ಗಂಟೆ ಓಡಿದರೆ 12 ಯೂನಿಟ್, ತಿಂಗಳಿಗೆ 360. ಬಲ್ಬು, ಮಿಕ್ಸಿ, ಸೀರಿಯಲ್ಲು ಎಲ್ಲ ಬಿಟ್ಟ ಸಂನ್ಯಾಸಿಗೂ ದಿನಕ್ಕೆ ನಾಲ್ಕೂವರೆ ಗಂಟೆಯ ತಂಪು ದಕ್ಕದು. ಸಂನ್ಯಾಸಿಯ ಹಿಂದಿನ ಸರಾಸರಿ 50 ಇದ್ದಿದ್ದರೆ ಉಚಿತ 55 ಅಷ್ಟೇ. ಅವನು ಮಾಳಿಗೆ ಹತ್ತುವುದೇ ಸರಿ.

ಈಗ ಉಷ್ಣಕಾಂಡ. ತೀರ್ಥಹಳ್ಳಿ ಕಡೆಯ ಬಚ್ಚಲಲ್ಲಿ ಹಂಡೆಯ ಒಲೆ ಹೊಗೆಯಾಡುತ್ತದೆ. ಹೊಗೆ ಕಂಡಲ್ಲಿ ಬೆಂಕಿ ಎಂಬ ತಾರ್ಕಿಕರ ಹಳೆಯ ಉದಾಹರಣೆ ಇಲ್ಲಿ ದಿನಾ ಬೆಳಿಗ್ಗೆ ಸಾಬೀತಾಗುತ್ತದೆ. ಈ ಉರಿಗೆ ಯಾವ ಕಚೇರಿಯ ಲೈಸೆನ್ಸೂ ಬೇಡ. ಮರ ಕಡಿಯುವುದಾದರೆ 1976ರ ಕಾಯ್ದೆ ಎದ್ದು ನಿಲ್ಲುತ್ತದೆ, ಆದರೆ ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಮಟ್ಟೆಗಳನ್ನು ಯಾರೂ ಕೇಳುವುದಿಲ್ಲ. ಕೇಳುವವರು ಅಜ್ಜಿ ಒಬ್ಬರೇ. ಯಾರು ಮೊದಲು ಮೀಯಬೇಕು, ಯಾರು ಎಷ್ಟು ತಂಬಿಗೆ ಬಳಸಬೇಕು ಎಂಬಲ್ಲಿ ಅವರ ಆದೇಶದ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

ಸಂಶೋಧಕನನ್ನು ಕಾಡಿದ್ದು ಮೂರನೆಯ ಉಪಕರಣ: ಬಕೆಟ್ಟಿಗೆ ಇಳಿಬಿಡುವ ಕಾಯಿಲ್. ಅದೂ ಒಂದೂವರೆ ಕಿಲೋವ್ಯಾಟೇ. ಎಸಿಗೆ ಸರಿಸಮ. ಆದರೆ ಅದಕ್ಕೆ ಯಾರೂ ಅರ್ಜಿ ಹಾಕಿದ್ದಿಲ್ಲ, ಯಾರೂ ಟಿಸಿಯ ಕ್ಷೇಮ ವಿಚಾರಿಸಿದ್ದಿಲ್ಲ. ಏಕೆಂದರೆ ಅದು ಬಚ್ಚಲೊಳಗಿದೆ. ಎಸಿಯ ಪೆಟ್ಟಿಗೆ ಬೀದಿಗೆ ಮುಖ ಮಾಡಿ ಗುರುಗುಡುತ್ತದೆ, ಪಕ್ಕದ ಮನೆಯ ಅಂಗಳಕ್ಕೆ ನೀರು ತೊಟ್ಟಿಕ್ಕಿಸುತ್ತದೆ. ಅಲ್ಲಿಗೆ ಪ್ರತ್ಯಕ್ಷ, ಅನುಮಾನ, ಶಬ್ದ ಮೂರೂ ಪ್ರಮಾಣಗಳು ಪೂರೈಸಿದವು. ಅನುಮತಿ ಬೇಕಾದದ್ದು ಕರೆಂಟಿಗಲ್ಲ, ಬೀದಿಗೆ ಕಾಣುವುದಕ್ಕೆ ಎಂಬುದು ನಮ್ಮ ಸ್ಥಾಪನೆ.

ಆಕ್ಷೇಪ: ಸೋಲಾರ್ ಹೀಟರ್ ಮನೆಯ ನೆತ್ತಿಯ ಮೇಲೇ ಕೂತಿದ್ದರೂ ಹಳ್ಳಿಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲವಲ್ಲ? ಸಮಾಧಾನ: ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಕಾಣುತ್ತದೆ, ಕಾಯಿಸುವುದಿಲ್ಲ. ಕಾಯಿಸದ್ದು ಉಷ್ಣಕಾಂಡದ ವ್ಯಾಪ್ತಿಗೆ ಬರುವುದಿಲ್ಲ. ಉಳಿದ ಎಂಟು ತಿಂಗಳ ಕುರಿತು ಮುಂದಿನ ಸಂಪುಟ ನೋಡುವುದು.