ಅಂಕಲ್, ಸ್ವಲ್ಪ ಪಕ್ಕಕ್ಕೆ!

ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಡದಲ್ಲಿ ಪ್ರೀ-ವೆಡ್ಡಿಂಗ್ ಶೂಟ್ ನಡೆಸುವ ಛಾಯಾಗ್ರಾಹಕ ಮಹಾಶಯರಿಗೆ, ಕಲ್ಲುಬೆಂಚಿನ ಅಂಕಲ್ ಮಾಡುವ ನಮಸ್ಕಾರಗಳು. ಇತ್ತ ಕ್ಷೇಮ. ನೀವೂ ನಿಮ್ಮ ಡ್ರೋನೂ ಕ್ಷೇಮವೆಂದು ನಂಬಿದ್ದೇನೆ.

ನನ್ನ ಗುರುತು ನಿಮಗೆ ಹತ್ತಲಿಕ್ಕಿಲ್ಲ. ಮಂಕಿ ಕ್ಯಾಪು, ಕಂದು ಸ್ವೆಟರು. ಡಿಸೆಂಬರಿನ ಒಂದು ಬೆಳಗ್ಗೆ ನೀವು ನನ್ನನ್ನು ಮೂರು ಸಲ ಎಬ್ಬಿಸಿದಿರಿ. ಮೊದಲು, ‘ಅಂಕಲ್, ಸ್ವಲ್ಪ ಪಕ್ಕಕ್ಕೆ’. ಆಮೇಲೆ, ‘ಇನ್ನೂ ಸ್ವಲ್ಪ’. ಮೂರನೇ ಸಲ ಬೆಳ್ಳಿ ಬಣ್ಣದ ರಿಫ್ಲೆಕ್ಟರನ್ನು ಕೈಗಿಟ್ಟು, ‘ಹೇಗೂ ನಿಂತಿದೀರಲ್ಲ, ಇದನ್ನ ಹಿಡ್ಕೊಳಿ’ ಅಂದಿರಿ. ಸರ್ವೀಸು ಪೂರ್ತಿ ಗುಮಾಸ್ತನಾಗಿದ್ದವನು ನಾನು. ಹಿಡಿದುಕೊಂಡೆ.

ಬೇಸರವೇನಿಲ್ಲ. ಇದೇ ದಡದಲ್ಲಿ ಕುವೆಂಪು ನಡೆದಾಡಿದವರು. ಆಗ ಟ್ರೈಪಾಡುಗಳ ಕಾಟ ಇರಲಿಲ್ಲ, ಇಲ್ಲದಿದ್ದರೆ ಅವರಿಗೂ ‘ಸಾರ್, ಸ್ವಲ್ಪ ಪಕ್ಕಕ್ಕೆ’ ತಪ್ಪುತ್ತಿರಲಿಲ್ಲ. ಆರ್.ಕೆ. ನಾರಾಯಣರೂ ಇಲ್ಲಿ ತಿರುಗಾಡಿದವರೇ. ಇಲ್ಲದ ಮಾಲ್ಗುಡಿಯನ್ನು ಅವರು ಇದೆ ಅನ್ನಿಸಿದರು. ಇರುವ ಕೆರೆಯನ್ನು ಇಲ್ಲ ಅನ್ನಿಸುವುದು ನಿಮ್ಮ ಕಲೆ. ಎರಡೂ ಕಷ್ಟದ ಕೆಲಸವೇ.

ನನಗೆ ಅರ್ಥವಾಗದ್ದು ಒಂದೇ. ಬೆಳಗಿನ ಚಳಿಯಲ್ಲಿ ಮದುಮಗಳಿಗೆ ನೆಲ ಗುಡಿಸುವ ಗೌನು ತೊಡಿಸಿ ಕೆರೆಗೆ ಕರೆತರುತ್ತೀರಿ. ಕೆರೆಗೆ ಬೆನ್ನು ಹಾಕಿ ನಿಲ್ಲಿಸುತ್ತೀರಿ. ಆಮೇಲೆ 85 ಎಂಎಂ ಲೆನ್ಸು, 1.4 ಅಪರ್ಚರು! ಹಿಂದಿರುವ ಕೆರೆ, ಮರ, ಚಾಮುಂಡಿ ಬೆಟ್ಟ ಎಲ್ಲ ಕಲಸಿದ ಹಿಟ್ಟು. ಅಷ್ಟು ಬ್ಲರ್ರೇ ಬೇಕಿದ್ದರೆ ನಮ್ಮ ಮನೆ ತಾರಸಿಯ ನೀರಿನ ಟ್ಯಾಂಕು ಸಾಲದೇ? ಬಿಸಿ ಕಾಫಿಯೂ ಸಿಗುತ್ತಿತ್ತು.

ಅವತ್ತಿನ ಒಂದು ಕೌತುಕ ಹೇಳುತ್ತೇನೆ. ನೀವು ಮದುಮಗನಿಗೆ ಟೈಟಾನಿಕ್ ಸಿನಿಮಾದ ಹಾಗೆ ಎರಡೂ ಕೈ ಚಾಚಿ ನಿಲ್ಲಲು ಹೇಳಿದಿರಿ. ಪಾಪ, ಎಂಟು ಟೇಕು. ಅವನ ಬೆನ್ನ ಹಿಂದೆ, ನೀರಿನಿಂದ ಎದ್ದ ಒಣ ಕೊಂಬೆಯ ಮೇಲೆ, ಒಂದು ಹಾವಕ್ಕಿ ಅದೇ ಭಂಗಿಯಲ್ಲಿ ನಿಂತಿತ್ತು. ಅದರ ಗರಿ ನೀರು ಕುಡಿದು ತೋಯುತ್ತದೆ. ಮುಳುಗಿ ಮೀನು ಹಿಡಿಯಲು ಅದೇ ಅನುಕೂಲ, ಮೇಲೆ ಬಂದಮೇಲೆ ರೆಕ್ಕೆ ಹರವಿ ಒಣಗಿಸಿಕೊಳ್ಳಲೇಬೇಕು. ರಿಫ್ಲೆಕ್ಟರು ಹಿಡಿದ ಜಾಗದಿಂದ ಇಬ್ಬರೂ ಒಟ್ಟಿಗೆ ಕಂಡರು. ಹಕ್ಕಿ ಒಂದೇ ಟೇಕಿನಲ್ಲಿ ಓಕೆ ಆಗಿತ್ತು. ಅಷ್ಟರಲ್ಲಿ ನಿಮ್ಮ ಡ್ರೋನು ಗುಂಯ್ ಅಂತ ಎದ್ದಿತು. ಹಾವಕ್ಕಿ ಹಾರಿತು, ಹೆಜ್ಜಾರ್ಲೆಗಳೂ ಎದ್ದವು. ‘ಸೂಪರ್! ಬರ್ಡ್ಸ್ ಕೂಡ ಬಂತು!’ ಎಂದು ನಿಮ್ಮ ಹುಡುಗ ಕೂಗಿದ. ಬರಲಿಲ್ಲಪ್ಪ, ಹೋದವು.

ಮೊನ್ನೆ ವಾಟ್ಸಾಪಿನಲ್ಲಿ ಕರೆಯೋಲೆಯ ವಿಡಿಯೊ ಬಂತು. ಹುಡುಗಿ ನಮ್ಮ ಷಡ್ಡಕನ ಕಡೆಯವಳಂತೆ, ಆಮೇಲೆ ಗೊತ್ತಾದದ್ದು. ನೋಡಿ ನಿಬ್ಬೆರಗಾದೆ. ಕೆರೆ ನೀಲಿ! 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಊರಾಚೆಯ ಹೊಲಗದ್ದೆಗೆಂದು ಕಟ್ಟಿಸಿದ ಈ ಕೆರೆಗೆ ಮಳೆನೀರು ತರುವ ಕಾಲುವೆಗಳು ಊರು ಬೆಳೆದಂತೆ ದಾರಿ ಮರೆತವು; ಕೊಳಚೆ ನೀರು ಮಾತ್ರ ಮರೆಯಲಿಲ್ಲ. ಅದರಲ್ಲಿ ಬರುವ ಸಾರಜನಕ, ರಂಜಕ ತಿಂದು ಪಾಚಿ ಕೊಬ್ಬುತ್ತದೆ, ನೀರು ಹಸಿರಾಗುತ್ತದೆ. ಇದಕ್ಕೆ ಸಭೆ, ಸಮಿತಿ, ವರದಿ ಅಂತ ಎಷ್ಟು ವರ್ಷ ಹೋಯಿತೋ. ನೀವು ಒಂದೇ ಬೆರಳಿನಲ್ಲಿ ಸ್ಲೈಡರ್ ಜಗ್ಗಿ ಮುಗಿಸಿದಿರಿ! ಊರಿನ ಕೆರೆಗಳನ್ನೆಲ್ಲ ನಿಮಗೇ ಗುತ್ತಿಗೆ ಕೊಡಬೇಕೆಂದು ಶಿಫಾರಸು ಮಾಡುತ್ತೇನೆ. ವಾಸನೆಗೂ ಒಂದು ಸ್ಲೈಡರ್ ಹುಡುಕಿಡಿ.

ಹಾವಕ್ಕಿ ಕೂತಿದ್ದ ಕೊಂಬೆ ಇರಲಿಲ್ಲ. ಅದರ ಜಾಗದಲ್ಲಿ ಜೋಡಿ ಹಂಸ ತೇಲುತ್ತಿದ್ದವು. ಯಾವ ದೇಶದವೋ, ವೀಸಾ ನೀವೇ ಮಾಡಿಸಿದ್ದಿರಬೇಕು. ಕಲ್ಲುಬೆಂಚಿತ್ತು, ನಾನಿರಲಿಲ್ಲ. ನನ್ನ ಫ್ಲಾಸ್ಕೂ ಇರಲಿಲ್ಲ. ಮನೆಯಾಕೆ ಕನ್ನಡಕ ಸರಿಮಾಡಿಕೊಂಡು, ‘ಒಳ್ಳೆ ಕ್ಲೀನಾಗಿ ತೆಗೆದಿದಾರೆ’ ಅಂದಳು.

ಆದರೆ ಒಂದು ಸಣ್ಣ ತಪ್ಪಾಗಿದೆ. ಹದಿನಾಲ್ಕನೇ ಸೆಕೆಂಡಿನಲ್ಲಿ ನಿಲ್ಲಿಸಿ ನೋಡಿ. ಬೆಳಗಿನ ಎಳೆಬಿಸಿಲಿಗೆ ನೆಲದ ಮೇಲೆ ಉದ್ದಕ್ಕೆ ಬಿದ್ದ ಒಂದು ನೆರಳು, ಮದುಮಗಳ ಗೌನಿನ ಅಂಚಿನವರೆಗೂ ಬಂದಿದೆ. ತಲೆ ಗುಂಡಗೆ, ಮಂಕಿ ಕ್ಯಾಪಿನದು. ಕೈಯಲ್ಲಿ ದೊಡ್ಡ ತಟ್ಟೆಯಂಥದ್ದೇನೋ ಇದೆ. ಮೈ ಅಳಿಸಿದಿರಿ, ನೆರಳು ಮರೆತಿರಿ.

ಅದನ್ನು ಹಾಗೇ ಬಿಡಿ ಸ್ವಾಮಿ. ಮದುವೆಗೆ ಬರುತ್ತೇನೆ, ಮುಯ್ಯಿ ಓದಿಸುತ್ತೇನೆ. ಯಾರಾದರೂ ಕೇಳಿದರೆ ಮರದ ನೆರಳು ಅನ್ನಿ.

ಇತಿ ತಮ್ಮ ವಿಧೇಯ,
ಕಲ್ಲುಬೆಂಚಿನ ಅಂಕಲ್