ಚೌಕಿಯಲ್ಲೇ ಇರಿ, ಮಾರಾಯ್ರೆ

ಇವರಿಗೆ,
ಮಾನ್ಯ ಎಸ್ಕೇಪ್ ಅವರು,
ಅಕ್ಷರ ಸಂಖ್ಯೆ 27, ಆಸ್ಕಿ ಕೋಷ್ಟಕ,
ಮೊಕ್ಕಾಂ: ಲೋಕದ ಎಲ್ಲಾ ಟರ್ಮಿನಲ್‌ಗಳು.

ವಿಷಯ: ಕಪ್ಪು ಪರದೆಯ ಮೇಲೆ ತಾವು ಬಣ್ಣ ಬಳಿಯುತ್ತಿರುವ ಬಗ್ಗೆ.

ಮಾನ್ಯರೇ,

ನಾವು ಇಲ್ಲಿ ಕ್ಷೇಮ. ತಾವೂ ಕ್ಷೇಮ ಎಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯಿಲ್ಲ, ಯಾಕೆಂದರೆ ತಮ್ಮನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. 1963ರಲ್ಲಿ ಅಮೆರಿಕದವರು ಆಸ್ಕಿ ಎಂಬ ಅಕ್ಷರಗಳ ಯಾದಿ ಮಾಡಿದಾಗಿನಿಂದ ತಾವು ಅದರಲ್ಲಿ ಇದ್ದೀರಿ, ಆದರೆ ಪರದೆಯಲ್ಲಿ ಮೂಡುವ ಅಕ್ಷರ ಮಾತ್ರ ಅಲ್ಲ. ಸೊನ್ನೆಯಿಂದ ಎಣಿಸುವ ಜನರ ಲೆಕ್ಕದಲ್ಲಿ ತಮ್ಮ ನಂಬರು 27. ನಮ್ಮ ಲೆಕ್ಕದಲ್ಲಿ 27 ಎಂದರೆ ನಕ್ಷತ್ರ ಪೂರ್ತಿಯಾಯಿತು, ಇನ್ನು ಮುಂದೆ ಹೊಸ ಸುತ್ತು. ತಮ್ಮ ಲೆಕ್ಕದಲ್ಲಿ 27 ಎಂದರೆ ಇನ್ನು ಮುಂದೆ ಬರುವುದು ಅಕ್ಷರವಲ್ಲ, ಅಪ್ಪಣೆ.

ಓದುವವರಿಗಾಗಿ ಅದನ್ನೊಂದು ಸಲ ಬಿಡಿಸಿ ಹೇಳುತ್ತೇನೆ, ತಾವು ತಪ್ಪು ತಿಳಿಯಬಾರದು. ನನ್ನಂಥ ಪ್ರೋಗ್ರಾಮರು ಕಪ್ಪು ಪರದೆಯ ಮೇಲೆ 'ಕೆಲಸ ಕೆಟ್ಟಿತು' ಎಂಬ ಸಂದೇಶವನ್ನು ಕೆಂಪಕ್ಷರದಲ್ಲಿ ತೋರಿಸಬೇಕಾದರೆ ಮೊದಲು ತಮ್ಮನ್ನು ಕರೆಯುತ್ತಾನೆ. ತಮ್ಮ ಬೆನ್ನಿಗೆ ಒಂದು ಚೌಕ ಆವರಣ, ಆಮೇಲೆ 31, ಆಮೇಲೆ ಸಣ್ಣದೊಂದು ಎಮ್. ಅಲ್ಲಿಂದ ಮುಂದೆ ಬರುವುದೆಲ್ಲ ಕೆಂಪು. 32 ಹಸಿರು, 33 ಹಳದಿ, 34 ನೀಲಿ. ಸೊನ್ನೆ ಎಂದರೆ ಬಣ್ಣ ಒರೆಸು. ಇಷ್ಟೇ ವಿದ್ಯೆ. 1978ರಲ್ಲಿ ಡಿಜಿಟಲ್ ಕಂಪನಿಯ ವಿಟಿ 100 ಎಂಬ ಟರ್ಮಿನಲ್ ಬಂದಾಗ ತಮ್ಮ ಅಪ್ಪಣೆಗಳು ಅದಕ್ಕೆ ಅರ್ಥವಾಗುತ್ತಿದ್ದವು, ಆದರೆ ಆ ಬಡಪಾಯಿಯ ಹತ್ತಿರ ಬಣ್ಣವೇ ಇರಲಿಲ್ಲ. ಮರುವರ್ಷ ಅಮೆರಿಕದ ಮಾನಕ ಸಂಸ್ಥೆಯವರು ಎಂಟು ಬಣ್ಣಗಳಿಗೆ ನಂಬರು ಹಾಕಿ ಕಾಗದದಲ್ಲಿ ಅಚ್ಚು ಹಾಕಿಸಿದರು. ಈಗ ಒಳ್ಳೆಯ ಟರ್ಮಿನಲ್‌ಗಳಲ್ಲಿ ತಾವು ತೋರಿಸಬಲ್ಲ ಬಣ್ಣಗಳು 1,67,77,216. ಒಂದು ಕೋಟಿ ಅರವತ್ತೇಳು ಲಕ್ಷ ಚಿಲ್ಲರೆ. ಅಭಿನಂದನೆಗಳು.

ಇನ್ನು ನನ್ನ ಪರಿಚಯ. ಕುಮಟಾದಿಂದ ಯಾಣಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂದು ನಮ್ಮ ಸೀಮೆಯಲ್ಲಿ ಗಾದೆ. ಎರಡೂ ಇಲ್ಲದವರು ಮನೆಯಿಂದ ಕೆಲಸ ಮಾಡುತ್ತೇವೆ. ಕಂಪನಿ ಬೆಂಗಳೂರಿನಲ್ಲಿ, ನಾನು ಮೆತ್ತಿಯ ಮೇಲೆ, ಸಿಗ್ನಲ್ ಅಂಗಳದ ಮೂಲೆಯಲ್ಲಿ. 1996ರಲ್ಲಿ 'ನಮ್ಮೂರ ಮಂದಾರ ಹೂವೆ' ಬಂದ ಮೇಲೆ ಯಾಣದ ಬಂಡೆ ನೋಡಲು ಬರುವ ಜನ ಹೆಚ್ಚಾದರು, ಹೆಚ್ಚಾಗುತ್ತಲೇ ಇದ್ದಾರೆ. ದಾರಿ ಕೇಳಲು ನಿಂತವರು ಕಿಟಕಿಯಿಂದ ನನ್ನ ಪರದೆಯನ್ನು ಇಣುಕಿ 'ಹ್ಯಾಕಿಂಗಾ ಸರ್?' ಎಂದು ಕೇಳುವುದುಂಟು. ಅದಕ್ಕೆ ಕಾರಣ ತಾವು. ಕಪ್ಪಿನ ಮೇಲೆ ಹಸಿರು, ಕೆಂಪು ಮಿಣುಕದಿದ್ದರೆ ನಾನೂ ಬ್ಯಾಂಕಿನ ಗುಮಾಸ್ತನ ಹಾಗೇ ಕಾಣುತ್ತಿದ್ದೆ.

ಈಗ ದೂರಿಗೆ ಬರುತ್ತೇನೆ.

ನಮ್ಮ ಕಡೆ ಯಕ್ಷಗಾನದಲ್ಲಿ ಚೌಕಿ ಅಂತ ಒಂದು ಜಾಗ ಇರುತ್ತದೆ. ವೇಷದವರು ಬಣ್ಣ ಹಚ್ಚಿಕೊಳ್ಳುವುದು, ಗೆಜ್ಜೆ ಕಟ್ಟುವುದು, ನಡುವೆ ಬಂದು ಚಾ ಕುಡಿಯುವುದು ಎಲ್ಲ ಅಲ್ಲೇ. ತಾವು ಚೌಕಿಯ ಮನುಷ್ಯ. ತಮ್ಮ ಕೈಯ ಕೆಲಸ ರಂಗದ ಮೇಲೆ ಕಾಣಬೇಕು, ತಾವು ಕಾಣಬಾರದು. ಆದರೆ ಹೋದ ಮಳೆಗಾಲದಲ್ಲಿ ಏನಾಯಿತು ಎಂದು ತಮಗೆ ಗೊತ್ತಿದೆ. ರಾತ್ರಿ ಓಡುವ ಒಂದು ಪ್ರೋಗ್ರಾಮನ್ನು ನಾನೇ ಬರೆದಿದ್ದೆ. ಅದು ಏನೇನು ಮಾಡಿತು ಎಂಬ ವರದಿ ಒಂದು ಕಡತಕ್ಕೆ ಬಿದ್ದು, ಬೆಳಿಗ್ಗೆ ಗಿರಾಕಿಯೊಬ್ಬರಿಗೆ ಮೇಲ್ ಆಗುತ್ತಿತ್ತು. ಕಡತಕ್ಕೆ ಕಣ್ಣಿಲ್ಲ, ಬಣ್ಣವಿಲ್ಲ. ತಾವು ಮಾತ್ರ ಅಲ್ಲಿಗೂ ಬಣ್ಣದ ಬಟ್ಟಲು ಹಿಡಿದುಕೊಂಡು ಹೋದಿರಿ. ಒಂದೊಂದು ಸಾಲಿನ ತಲೆಗೂ ಒಂದು ಬಾಣದ ಗುರುತು, ಒಂದು ಆವರಣ, '31ಎಮ್'; ಬಾಲಕ್ಕೆ '0ಎಮ್'. ಗಿರಾಕಿ ಬಹಳ ವಿನಯದಿಂದ ಫೋನ್ ಮಾಡಿ ಕೇಳಿದರು: 'ವರದಿಯಲ್ಲಿ 31 ಮೀಟರ್ ಅಂತ ಬರ್ತಾ ಇದೆಯಲ್ಲ, ಅದು ಯಾವುದರ ಅಳತೆ? ಆಮೇಲೆ ಎಲ್ಲಾ ಕಡೆ ಸೊನ್ನೆ ಮೀಟರ್ ಆಗ್ತಾ ಇದೆ.'

ಎದುರಿಗಿರುವುದು ಪರದೆಯೋ ಕಡತವೋ ಎಂದು ಕೇಳಿ ತಿಳಿದುಕೊಳ್ಳುವ ವ್ಯವಸ್ಥೆ ಯುನಿಕ್ಸ್‌ನಲ್ಲಿ ಹಳೇ ಕಾಲದಿಂದ ಇದೆ. ಅದರ ಹೆಸರು 'ಇಸ್-ಎ-ಟಿಟಿವೈ'. ಒಂದು ಸಾಲಿನ ಪ್ರಶ್ನೆ, ಹೌದು ಅಥವಾ ಅಲ್ಲ ಎಂಬ ಉತ್ತರ. ಕೇಳದೇ ಹೋದದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಗಿರಾಕಿಗೆ ಅದನ್ನು ಹೇಳುವಾಗ ತಮ್ಮ ಹೆಸರನ್ನೇ ಹೇಳಿದೆ, ಕ್ಷಮೆ ಇರಲಿ. (ಮೀಟರಿನ ಮಾತು ಬಂದಿತಲ್ಲ, ಆಮೇಲೆ ನೋಡಿದೆ: ತಮ್ಮ ಕೋಷ್ಟಕದಲ್ಲಿ '90ಎಮ್' ಎಂದರೆ ಹೊಳೆಯುವ ಕಪ್ಪು. ನಮ್ಮ ಯಾಣದ ಮೋಹಿನಿ ಶಿಖರದ ಎತ್ತರವೂ 90 ಮೀಟರು. ಮಳೆಯಲ್ಲಿ ನೆನೆದಾಗ ಆ ಸುಣ್ಣಕಲ್ಲಿನ ಬಂಡೆಗೆ ಬೇರೆ ಬಣ್ಣದ ಹೆಸರು ಹೇಳುವುದಕ್ಕೇ ಆಗುವುದಿಲ್ಲ. ಗಿರಾಕಿ ಕೇಳಿದ್ದು ಪೂರಾ ತಪ್ಪೂ ಅಲ್ಲ.)

ಎರಡನೆಯದು ಭಸ್ಮಾಸುರನ ವಿಚಾರ. ಯಾಣದ ಕಥೆ ತಮಗೆ ತಿಳಿದಿರಲಿಕ್ಕಿಲ್ಲ. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಬೇಕು ಎಂದು ಅವನು ಶಿವನ ಹತ್ತಿರ ವರ ಪಡೆದ, ವರ ಕೊಟ್ಟವನ ತಲೆಗೇ ಕೈ ಚಾಚಿದ. ಮೋಹಿನಿ ಬಂದು ಕುಣಿಸಿ ಕುಣಿಸಿ ಅವನ ಕೈಯನ್ನು ಅವನ ತಲೆಗೇ ಇಡಿಸಿದಳು. ಅವನು ಸುಟ್ಟುಹೋದ ಬೂದಿಯಿಂದ ಇಲ್ಲಿನ ನೆಲ ಕಪ್ಪಾಯಿತು ಎಂದು ನಂಬಿಕೆ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಿದವರು ನಮ್ಮ ಹೊನ್ನಾವರ, ಕುಮಟಾ ಸೀಮೆಯಲ್ಲಿ ಇನ್ನೂ ಬೇಕಾದಷ್ಟು ಜನ ಇದ್ದಾರೆ. ಅವರ ಹತ್ತಿರ ಆ ಮಾತು ಎತ್ತಿದರೆ ಅಡಿಕೆ ಸುಲಿಯುವ ಕತ್ತಿ ಹಾಗೇ ನಿಲ್ಲುತ್ತದೆ.

ತಮ್ಮ 31ಕ್ಕೂ ಅದೇ ವರ ಸಿಕ್ಕಿದೆ. ಪ್ರೋಗ್ರಾಮು ಕೆಂಪು ಹಚ್ಚಲು ಹೇಳಿ, ಒರೆಸು ಎಂದು ಹೇಳುವಷ್ಟರಲ್ಲಿ ಸತ್ತುಹೋದರೆ ಮುಗಿಯಿತು. ಆಮೇಲೆ ಮುಟ್ಟಿದ್ದೆಲ್ಲ ಕೆಂಪು. ನಾನು ಟೈಪ್ ಮಾಡುವ ಅಕ್ಷರ ಕೆಂಪು, ಕಡತಗಳ ಪಟ್ಟಿ ಕೆಂಪು, ಎಲ್ಲಾ ಸರಿಯಿದೆ ಎಂಬ ಸಂದೇಶವೂ ಕೆಂಪು. ಮೊದಲ ಸಲ ಹೀಗಾದಾಗ ನಡುರಾತ್ರಿ ಎದೆ ಧಸಕ್ಕೆಂದು ಅರ್ಧ ತಾಸು ಎಲ್ಲವನ್ನೂ ತಡಕಾಡಿದ್ದೇನೆ. ಏನೂ ಕೆಟ್ಟಿರಲಿಲ್ಲ. 'ರಿಸೆಟ್' ಎಂದು ಇಂಗ್ಲಿಷಿನ ಐದಕ್ಷರ ಕುಟ್ಟಿ ಎಂಟರ್ ಒತ್ತಿದರೆ ಸಾಕಿತ್ತು. ಯಾಣದಲ್ಲಿ ಶಿವನ ಹೆಸರಿನ ಭೈರವೇಶ್ವರ ಶಿಖರ 120 ಮೀಟರು, ಮೋಹಿನಿ ಮೂವತ್ತು ಮೀಟರು ಗಿಡ್ಡ, ಆದರೂ ಅವತ್ತು ಕೆಲಸ ಮುಗಿಸಿದವಳು ಅವಳೇ ತಾನೆ?

ಮೂರನೆಯದನ್ನು ಹೇಳಲೋ ಬೇಡವೋ ಎಂದು ಯೋಚಿಸಿದೆ. ಹೇಳಿಬಿಡುತ್ತೇನೆ. ನಮ್ಮ ಮನೆಗೆ ಬಂದ ಹೆಂಗಸರಿಗೆ ಮೊದಲು ಕೊಡುವುದು ಅರಿಶಿನ, ಕುಂಕುಮ. ನಮ್ಮ ನಾಡಿನ ಬಾವುಟದ ಬಣ್ಣವೂ ಅವೇ ಎರಡು. ತಮ್ಮ ಬಳಗದಲ್ಲಿ ಹಳದಿ ಎಂದರೆ ಎಚ್ಚರಿಕೆ, ಕೆಂಪು ಎಂದರೆ ಅನಾಹುತ. ಒಂದು ನವೆಂಬರ್ 1ರಂದು ಹೊಸ ಆವೃತ್ತಿ ಹಾಕಲು ಹೋಗಿ ಮೊದಲು ಹಳದಿಯಲ್ಲಿ ಇಪ್ಪತ್ತು ಸಾಲು, ಕೆಳಗೆ ಕೆಂಪಿನಲ್ಲಿ ಇಪ್ಪತ್ತು ಸಾಲು ಬಂದು ನಿಂತವು. ಎದ್ದು ನಿಂತು ನಾಡಗೀತೆ ಹಾಡಬೇಕೋ, ಹಳೆಯ ಆವೃತ್ತಿಗೆ ಮರಳಬೇಕೋ ತಿಳಿಯದೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನೀಲಿಯ ಬಗ್ಗೆ ಹೇಳುವುದೇ ಇಲ್ಲ. ಕಪ್ಪು ಪರದೆಯ ಮೇಲೆ ತಮ್ಮ 34, ಬಂಡೆಯ ಮೇಲೆ ಕಾಡಿಗೆಯಲ್ಲಿ ಬರೆದ ಹಾಗೆ.

ಇದೆಲ್ಲ ಸಣ್ಣ ಜಗಳ. ಪತ್ರ ಬರೆಯಲು ಕೂರಿಸಿದವರು ಅಪ್ಪ.

ಕುಮಟಾ ಮಾರುಕಟ್ಟೆಯಲ್ಲಿ ಅಡಿಕೆಗೆ ಐದು ಹೆಸರಿನಲ್ಲಿ ದರ ಬೀಳುತ್ತದೆ: ಹೊಸ ಚಾಲಿ, ಹಳೇ ಚಾಲಿ, ಕೋಕಾ, ಚಿಪ್ಪು, ಫ್ಯಾಕ್ಟರಿ. ಸಂಜೆ ಅಪ್ಪನಿಗೆ ತೋರಿಸೋಣ ಎಂದು ಒಂದು ಪುಟ್ಟ ಪ್ರೋಗ್ರಾಮು ಬರೆದೆ. ದರ ನಿನ್ನೆಗಿಂತ ಏರಿದ್ದರೆ ಹಸಿರು, ಇಳಿದಿದ್ದರೆ ಕೆಂಪು. ಹೆಸರು, ಅಂಕೆ, ಬಣ್ಣ, ಅಷ್ಟೇ, ಮಾತಿಲ್ಲ. ಮೂರು ದಿನದ ಬಿಡುವಿನ ಹೊತ್ತೆಲ್ಲ ಅದಕ್ಕೇ ಹಾಕಿ, ಹಸಿರಿನಲ್ಲೇ ನಾಲ್ಕು ಛಾಯೆ ಪರೀಕ್ಷೆ ಮಾಡಿ, ಲ್ಯಾಪ್‌ಟಾಪನ್ನು ಜಗಲಿಗೆ ತಂದಿಟ್ಟೆ. ಅಪ್ಪ ಕನ್ನಡಕ ಏರಿಸಿ, ಇಳಿಸಿ, ಬಗ್ಗಿ ನೋಡಿದರು. 'ತಮಾ, ಇದ್ರಲ್ಲಿ ಏರಿದ್ದು ಯಾವ್ದು, ಇಳದ್ದು ಯಾವ್ದು? ಎಲ್ಲಾ ಒಂದೇ ನಮೂನೆ ಕಾಣ್ತಲಾ.'

ಆಗ ನೆನಪಾಯಿತು. ಅಪ್ಪನಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಕಾಳುಮೆಣಸಿನ ಕರೆಯಲ್ಲಿ ಒಂದೋ ಎರಡೋ ಕಾಳು ಕೆಂಪಗಾದಾಗ ಕೊಯ್ಯಬೇಕು. ಏಣಿ ಹತ್ತಿದ ಅಪ್ಪ ಒಂದು ಕರೆಯನ್ನು ಬಗ್ಗಿಸಿ ಹಿಡಿದು 'ಇದು ಆಯ್ದನೇ?' ಎಂದು ಕೂಗುವುದು, ಕೆಳಗಿನಿಂದ ಆಯಿ ಹೌದು, ಇಲ್ಲ ಎನ್ನುವುದು, ಆಯಿ ಇಲ್ಲದ ದಿನ ಅಪ್ಪ ಕಾಳನ್ನು ಉಗುರಿನಲ್ಲಿ ಒತ್ತಿ, ಹಲ್ಲಿನಲ್ಲಿ ಕಚ್ಚಿ ನೋಡುವುದು, ಇದನ್ನೆಲ್ಲ ಸಣ್ಣವನಿದ್ದಾಗಿನಿಂದ ಕಂಡಿದ್ದೇನೆ. ಹುಬ್ಬಳ್ಳಿಗೆ ಹೋದರೆ ಸಿಗ್ನಲ್ ದೀಪವನ್ನು ಅವರು ಬಣ್ಣದಿಂದ ಓದುವುದಿಲ್ಲ. ಮೇಲಿನದು ಹತ್ತಿದರೆ ನಿಲ್ಲು, ಕೆಳಗಿನದು ಹತ್ತಿದರೆ ಹೊರಡು. ಈ ಗುಣ ಅಪ್ಪನಿಂದ ಮಗನಿಗೆ ಬರುವಂಥದ್ದಲ್ಲ, ಅದಕ್ಕೇ ನಾನು ಇಷ್ಟು ಸಲೀಸಾಗಿ ಮರೆತೆ.

ಬಣ್ಣ ಬೇಡ ಎನ್ನುವವರಿಗಾಗಿ 2017ರಿಂದ 'ನೋ ಕಲರ್' ಎಂಬ ಒಂದು ಒಡಂಬಡಿಕೆ ಚಾಲ್ತಿಯಲ್ಲಿದೆ. ಆ ಹೆಸರಿನಲ್ಲಿ ಏನನ್ನಾದರೂ ಬರೆದಿಟ್ಟರೆ, ಅದನ್ನು ಪಾಲಿಸುವ ಪ್ರೋಗ್ರಾಮುಗಳು ತಮ್ಮನ್ನು ಕರೆಯುವುದಿಲ್ಲ. ಹಾಕಿ ನೋಡಿದೆ. ಅಪ್ಪನಿಗೆ ಮೊದಲು ಎಷ್ಟು ತಿಳಿಯುತ್ತಿತ್ತೋ ಈಗ ನನಗೂ ಅಷ್ಟೇ ತಿಳಿಯಿತು. ತಪ್ಪು ಅಲ್ಲಿ ಗೊತ್ತಾಯಿತು: ಹೇಳಬೇಕಾದ್ದನ್ನೆಲ್ಲ ಬಣ್ಣದ ಕೈಗೆ ಕೊಟ್ಟು ನಾನು ಮಾತನ್ನೇ ಬರೆದಿರಲಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ಎಷ್ಟೇ ಭಯಂಕರವಾಗಿ ಮುಖಕ್ಕೆ ಚಿಟ್ಟಿ ಇಟ್ಟುಕೊಂಡು ಅಬ್ಬರಿಸಿ ಬರಲಿ, ಭಾಗವತರು ಮಾತಾಡಿಸುತ್ತಾರೆ, ಅವನು ತಾನು ಯಾರು ಎಂದು ಹೇಳಿಯೇ ಮುಂದಿನ ಪದ. ರಂಗದಿಂದ ದೂರ, ಕೊನೆಯ ಚಾಪೆಯಲ್ಲಿ ಅರೆನಿದ್ದೆಯಲ್ಲಿ ಇದ್ದವನಿಗೂ ಕಿವಿಯಿಂದ ಕಥೆ ತಿಳಿಯುತ್ತದೆ.

ಸರಿ, ಬಣ್ಣದ ಜೊತೆಗೆ ಮಾತೂ ಇರಲಿ, ಅದೂ ಕನ್ನಡದಲ್ಲಿ ಇರಲಿ ಎಂದು 'ಹೆಚ್ಚು', 'ಕಮ್ಮಿ' ಎಂದು ಬರೆದೆ. ಪರದೆಯಲ್ಲಿ ಬಂದದ್ದು 'ಹೆಚ್‌ಚು', 'ಕಮ್‌ಮಿ'. ಮಾನ್ಯರೇ, ತಮ್ಮ ಮನೆಯ ನೆಲ ಚೌಕಾಬಾರದ ಮನೆಯ ಹಾಗೆ. ಅಡ್ಡ 80, ಉದ್ದ 24, ಒಂದು ಮನೆಗೆ ಒಂದು ಅಕ್ಷರ. ಇಂಗ್ಲಿಷು ಅದರಲ್ಲಿ ಆರಾಮಾಗಿ ಕೂರುತ್ತದೆ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯಬೇಕು, ಇಳಿಯಲು ಜಾಗ ಇಲ್ಲ, ಪಕ್ಕದ ಮನೆಗೆ ಹೋಗಿ ನಿಲ್ಲುತ್ತದೆ. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡ ಇತ್ತು. ಇವತ್ತಿಗೂ ಹಲವು ಟರ್ಮಿನಲ್‌ಗಳಲ್ಲಿ ಇದೇ ಪಾಡು. ನಮ್ಮ ಜಿಲ್ಲೆಯ ಹನ್ನೆರಡು ತಾಲೂಕುಗಳನ್ನು ಹೊಡೆದು ನೋಡಿದೆ. ಎಂಟು ಪಾಸು, ನಾಲ್ಕು ನಪಾಸು: ಭಟ್‌ಕಳ, ಹೊನ್‌ನಾವರ, ಸಿದ್‌ದಾಪುರ, ಯಲ್‌ಲಾಪುರ. ಭೈರವೇಶ್ವರನಿಗೂ ಬಿಡುಗಡೆಯಿಲ್ಲ. ಯಾಣ ಮಾತ್ರ ಇಡಿಯಾಗಿ ಉಳಿಯಿತು, ಊರಿನ ಹೆಸರಿಟ್ಟವರಿಗೆ ದೂರದೃಷ್ಟಿ ಇತ್ತು. ಒಂದು ಕೋಟಿ ಅರವತ್ತೇಳು ಲಕ್ಷ ಬಣ್ಣದಲ್ಲಿ ತಾವು ಹೊನ್ನಾವರವನ್ನು ಬರೆಯಬಲ್ಲಿರಿ, ಪ್ರತಿ ಸಲವೂ ತಪ್ಪಾಗಿ.

ಕೊನೆಗೆ ಒತ್ತಿಲ್ಲದ ಕನ್ನಡ ಹುಡುಕುತ್ತ ಕೂತೆ. ಅಪ್ಪನ 'ಏರಿದ್ದು', 'ಇಳದ್ದು' ಎರಡರಲ್ಲೂ ಒತ್ತು, ನಡೆಯುವುದಿಲ್ಲ. 'ಏರು', 'ಇಳಿ' ಎಂದು ಬರೆದೆ. ಹಸಿರು, ಕೆಂಪು ಹಾಗೇ ಇಟ್ಟೆ, ಆಯಿಗೆ ಇಷ್ಟ. ಮತ್ತೆ ಜಗಲಿಗೆ ತಂದು ತೋರಿಸಿದೆ. ಅಪ್ಪ ಬೆರಳಿಟ್ಟು ಮೇಲಿಂದ ಕೆಳಗೆ ಓದಿದರು. ಆ ದಿನ ಐದಕ್ಕೂ 'ಇಳಿ'.

'ಇಷ್ಟು ಹೇಳಲೆ ಮೂರು ದಿನ ಬೇಕಾತಾ?' ಎಂದು ಕನ್ನಡಕ ತೆಗೆದಿಟ್ಟು ತೋಟಕ್ಕೆ ಹೋದರು.

ಇತಿ, ತಮ್ಮ ವಿಶ್ವಾಸಿ,
ಯಾಣ ರಸ್ತೆಯ ಒಬ್ಬ ಪ್ರೋಗ್ರಾಮರು

ವಿ.ಸೂ.: ಈ ಪತ್ರ ಕಡತಕ್ಕೆ ಹೋಗುತ್ತದೆ. ದಯವಿಟ್ಟು ಜೊತೆಗೆ ಬರಬೇಡಿ.