ಸಹಾಯಕಾಭಾವ ಮೀಮಾಂಸೆ

ದ್ರವ್ಯ, ಗುಣ, ಕರ್ಮ ಮೊದಲಾಗಿ ಪದಾರ್ಥಗಳನ್ನು ಎಣಿಸುತ್ತ ಬಂದ ನಮ್ಮ ವೈಶೇಷಿಕ ಪಂಡಿತರು, ಆರು ಮುಗಿದ ಮೇಲೆ ಏಳನೆಯದಾಗಿ ಅಭಾವವನ್ನೂ ಒಂದು ಪದಾರ್ಥವೆಂದೇ ಅಂಗೀಕರಿಸಿದ ಕಾಲದಲ್ಲಿ, ಮುಂದೆಂದೋ ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಹನಗೋಡು ಹೋಬಳಿಯ ಸರ್ಕಾರಿ ಪ್ರಾಥಮಿಕ ಶಾಲೆಗಳ ಸಿಬ್ಬಂದಿಯ ಪಟ್ಟಿಯು ತಮ್ಮ ಸಿದ್ಧಾಂತಕ್ಕೆ ಇಷ್ಟು ಪ್ರಬಲವಾದ ನಿದರ್ಶನವನ್ನು ಒದಗಿಸೀತೆಂದು ಕನಸಿನಲ್ಲಿಯೂ ಎಣಿಸಿರಲಾರರು. ಆ ಪಟ್ಟಿಯಲ್ಲಿ ಮುಖ್ಯೋಪಾಧ್ಯಾಯರುಂಟು, ಸಹ ಶಿಕ್ಷಕರುಂಟು, ಪುಣ್ಯವಿದ್ದ ಊರಿನಲ್ಲಿ ದೈಹಿಕ ಶಿಕ್ಷಕರೂ ಉಂಟು. ಕಚೇರಿ ಸಹಾಯಕನೆಂಬುವನು ಮಾತ್ರ ಇಲ್ಲ. ಅವನಿಲ್ಲವಾದರೂ ಅವನ ಕೆಲಸವಿದೆ. ಇದೆಯೆಂದರೆ ಸಾಲದು, ವರ್ಷದಿಂದ ವರ್ಷಕ್ಕೆ ಶುಕ್ಲಪಕ್ಷದ ಚಂದ್ರನಂತೆ ವೃದ್ಧಿಯಾಗುತ್ತಿದೆ. ಕರ್ತೃವಿಲ್ಲದೆ ಕರ್ಮವು ಹೇಗೆ ನಡೆಯುತ್ತದೆಂಬ ಈ ಜಟಿಲ ಸಮಸ್ಯೆಯನ್ನು ಪೂರ್ವಸೂರಿಗಳು ಚರ್ಚಿಸದೆ ಬಿಟ್ಟಿರುವುದರಿಂದ, ಲೋಕೋಪಕಾರಾರ್ಥವಾಗಿ ಈ ಅಲ್ಪ ಪ್ರಯತ್ನವನ್ನು ಕೈಕೊಂಡಿದ್ದೇನೆ.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುತ್ತಾನೆ: ‘ಪ್ರೌಢಶಾಲೆಗೆ ದ್ವಿತೀಯ ದರ್ಜೆ ಸಹಾಯಕನೆಂಬ ಹುದ್ದೆಯೂ ಡಿ ಗ್ರೂಪ್ ನೌಕರನೆಂಬ ಹುದ್ದೆಯೂ ಇರುವುದು ಪ್ರಸಿದ್ಧವಷ್ಟೆ, ಆದ್ದರಿಂದ ಪ್ರಾಥಮಿಕ ಶಾಲೆಯಲ್ಲಿಯೂ ಅಂಥವನೊಬ್ಬನು ಎಲ್ಲಿಯಾದರೂ ಅಡಗಿಕೊಂಡಿರಬೇಕು.’ ಇದು ಗ್ರಾಹ್ಯವಲ್ಲ. ಪ್ರೌಢಶಾಲೆಯಲ್ಲಿ ಹುದ್ದೆಯಿರುವುದು ನಿಜ. ಆ ಹುದ್ದೆಯ ಕುರ್ಚಿಯಲ್ಲಿ ಮನುಷ್ಯನಿರುವನೆ ಎಂಬುದು ಪ್ರತ್ಯೇಕ ಗ್ರಂಥಕ್ಕೆ ತಕ್ಕ ವಿಷಯ. ಪ್ರಾಥಮಿಕ ಶಾಲೆಯ ವಿಚಾರದಲ್ಲಿ ನಮಗೆ ಪ್ರಮಾಣವಾದದ್ದು 2009ರ ಶಿಕ್ಷಣ ಹಕ್ಕು ಕಾಯಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಈ ಶಾಸನದ ಅನುಸೂಚಿಯಲ್ಲಿ ಮಕ್ಕಳ ಸಂಖ್ಯೆಗೆ ತಕ್ಕ ಶಿಕ್ಷಕರು, ಶಿಕ್ಷಕರಿಗೊಂದರಂತೆ ಕೊಠಡಿ, ಕುಡಿಯುವ ನೀರು, ಶೌಚಾಲಯ, ಅಡುಗೆಮನೆ, ಆಟದ ಬಯಲು, ಸುತ್ತುಗೋಡೆ ಎಲ್ಲವೂ ನಮೂದಾಗಿವೆ. ಕಚೇರಿಯಾಗಿಯೂ ಉಗ್ರಾಣವಾಗಿಯೂ ಮುಖ್ಯೋಪಾಧ್ಯಾಯರ ಕೋಣೆಯಾಗಿಯೂ ಏಕಕಾಲಕ್ಕೆ ಒದಗುವ ಒಂದು ಕೊಠಡಿಯೂ ಇರತಕ್ಕದ್ದೆಂದು ವಿಧಿಸಲಾಗಿದೆ. ಕಚೇರಿಯನ್ನು ಸೃಷ್ಟಿಸಿದ ಶಾಸನಕಾರರು ಕಚೇರಿಯವನನ್ನು ಸೃಷ್ಟಿಸಲಿಲ್ಲ. ಆ ಕೊಠಡಿಯನ್ನು ಹೊಕ್ಕವರು ಕಾಣುವುದಿಷ್ಟು: ಒಂದು ಮೂಲೆಯಲ್ಲಿ ಅಕ್ಕಿಯ ಮೂಟೆ, ಇನ್ನೊಂದರಲ್ಲಿ ಹಾಲಿನ ಪುಡಿಯ ಚೀಲ, ಬೀರುವಿನ ಮೇಲೆ ಅಕ್ಷ ಮುರಿದು ವಾಲಿದ ಭೂಗೋಳ, ಮೇಜಿನ ಮೇಲೆ ಹಾಜರಿ, ದಾಖಲಾತಿ, ನಗದು, ದಾಸ್ತಾನು, ಆವಕ, ಜಾವಕ ಇತ್ಯಾದಿ ನಾಮಾಂಕಿತವಾದ ಪುಸ್ತಕಗಳ ಗೋಪುರ, ಆ ಗೋಪುರದ ಹಿಂದೆ ಮುಖ್ಯೋಪಾಧ್ಯಾಯರ ತಲೆಯ ಮೇಲ್ಭಾಗ.

ಹಾಗಾದರೆ ಸಹಾಯಕನದು ಎಂಥ ಅಭಾವ? ತಾರ್ಕಿಕರು ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಮಡಕೆ ಹುಟ್ಟುವುದಕ್ಕೆ ಮುಂಚಿನ ಮಡಕೆಯ ಅಭಾವವು ಪ್ರಾಗಭಾವ. ಇಂದಲ್ಲ ನಾಳೆ ಹುದ್ದೆ ಮಂಜೂರಾದೀತೆಂದು ಮನವಿಪತ್ರ ಬರೆಯುವ ಆಶಾವಾದಿಗಳು ಈ ಪಕ್ಷದವರು. ಒಡೆದ ಮೇಲಿನ ಅಭಾವವು ಪ್ರಧ್ವಂಸಾಭಾವ. ‘ನಮ್ ಕಾಲದಾಗೆ ಜವಾನ ಇದ್ದ ಕಣಪ್ಪ’ ಎಂದು ಅರಳಿಕಟ್ಟೆಯ ಮೇಲೆ ಕುಳಿತು ಹೇಳುವ ವೃದ್ಧರು ಇದನ್ನು ಎತ್ತಿಹಿಡಿಯುತ್ತಾರೆ, ಆದರೆ ಅವರು ತಾಲ್ಲೂಕು ಕಚೇರಿಯ ಜವಾನನನ್ನು ಶಾಲೆಗೆ ಆರೋಪಿಸುತ್ತಿರಬಹುದೆಂಬ ಶಂಕೆಯುಂಟು. ಮೊಲದ ಕೊಂಬಿನಂತೆ ಮೂರು ಕಾಲದಲ್ಲಿಯೂ ಇಲ್ಲದಿರುವುದು ಅತ್ಯಂತಾಭಾವ. ಖಜಾನೆಯ ಕೀಲಿಕೈ ಹಿಡಿದವರ ಮತವು ಇದೇ ಎಂದು ತೋರುತ್ತದೆ. ಇನ್ನುಳಿದದ್ದು ಅನ್ಯೋನ್ಯಾಭಾವ, ಎಂದರೆ ಮಡಕೆಯು ಬಟ್ಟೆಯಲ್ಲ, ಬಟ್ಟೆಯು ಮಡಕೆಯಲ್ಲ ಎಂಬ ಭೇದ. ಹನಗೋಡು ಹೋಬಳಿಯಲ್ಲಿ ಭಗ್ನವಾಗಿರುವುದು ಈ ನಾಲ್ಕನೆಯದೇ. ಮುಖ್ಯೋಪಾಧ್ಯಾಯರು ಸಹಾಯಕರಲ್ಲವೆಂದೂ ಸಹಾಯಕನು ಮುಖ್ಯೋಪಾಧ್ಯಾಯನಲ್ಲವೆಂದೂ ಇಲ್ಲಿ ಯಾರೂ ಸಾಧಿಸಲಾರರು. ತರ್ಕದಿಂದ ಹೊರಟ ನಾವು ಹೀಗೆ ಶುದ್ಧಾದ್ವೈತಕ್ಕೆ ಬಂದು ತಲುಪಿದೆವು.

ಈ ಅದ್ವೈತಕ್ಕೆ ಪರಂಪರೆಯ ಬೆಂಬಲವೂ ಉಂಟು. ಮೈಸೂರು ಸೀಮೆಯಲ್ಲಿ ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು 1868ರಲ್ಲಿ ರೂಪಿಸಿದ ಬಿ. ಎಲ್. ರೈಸರು ವಿದ್ಯಾ ಇಲಾಖೆಯ ಅಧಿಕಾರಿಗಳಾಗಿದ್ದೂ, ಶಾಲಾ ತಪಾಸಣೆಯ ಸಂಚಾರದಲ್ಲಿ ಕಣ್ಣಿಗೆ ಬಿದ್ದ ಶಿಲಾಶಾಸನಗಳಿಗೆ ಮನಸೋತು, ಕಡೆಗೆ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನೇ ಸಂಪಾದಿಸಿದರು. 1898ರ ನಾಲ್ಕನೆಯ ಸಂಪುಟದಲ್ಲಿ ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಸನಗಳೂ ಸೇರಿವೆ. ವಿದ್ಯಾ ಇಲಾಖೆಗೆ ಸೇರಿದವನು ತನ್ನದಲ್ಲದ ಕೆಲಸವನ್ನೂ ಮಾಡತಕ್ಕದ್ದೆಂಬ ಸಂಪ್ರದಾಯವು ಅಂದೇ ಬೇರೂರಿತೆಂದರೆ ತಪ್ಪಾಗದು. ವ್ಯತ್ಯಾಸವಿಷ್ಟೆ: ರೈಸರು ಕಲ್ಲಿನ ಅಕ್ಷರವನ್ನು ಓದಿದರು, ನಮ್ಮ ಮುಖ್ಯೋಪಾಧ್ಯಾಯರು ಗೆದ್ದಲು ಹಿಡಿದ ದಾಖಲಾತಿ ಪುಸ್ತಕವನ್ನು ಓದುತ್ತಾರೆ, ಇವೆರಡರಲ್ಲಿ ಕಲ್ಲೇ ಸುಲಭವೆಂದು ನನ್ನ ಅಭಿಪ್ರಾಯ. ಇದರ ಪ್ರಯೋಗವನ್ನು ಪ್ರತ್ಯಕ್ಷ ನೋಡಬೇಕಾದರೆ, ಮುಪ್ಪಿನ ಪಿಂಚಣಿಗೆ ವಯಸ್ಸಿನ ದಾಖಲೆ ಕೇಳಿಕೊಂಡು ಬಂದ ಯಜಮಾನರೊಬ್ಬರು ಬಾಗಿಲಲ್ಲಿ ನಿಂತ ವೇಳೆಯನ್ನು ಕಾಯಬೇಕು.

‘ಯಾವ ವರ್ಷ ಸೇರಿದ್ದು ಯಜಮಾನ್ರೇ?’

‘ಅದ್ಯಾವ ವರ್ಸವೋ ಕಾಣೆ ಮೇಷ್ಟ್ರೇ. ಕಟ್ಟೆ ಮ್ಯಾಲೆ ನೀರು ಹೋಗಿತ್ತು, ಆ ಸಲ.’

ಲಕ್ಷ್ಮಣತೀರ್ಥದ ನೀರು ಹನಗೋಡಿನ ಅಣೆಕಟ್ಟೆಯನ್ನು ಹಾಯದ ಮಳೆಗಾಲವೇ ಅಪರೂಪವಾದುದರಿಂದ, ಈ ಒಂದು ಸುಳಿವಿನಿಂದ ಕಾಲನಿರ್ಣಯ ಮಾಡಲು ಹೊರಟವರು ಮೂರು ನಾಲ್ಕು ಸಂಪುಟಗಳನ್ನು ಧೂಳು ಕೊಡವಿ ಮಗುಚಿ ಹಾಕಬೇಕಾಗುತ್ತದೆ. ತಂದೆಯ ಹೆಸರು ಸಿಕ್ಕಿದರೆ ಮಗನ ಹೆಸರಿನ ಮೇಲೆ ಶಾಯಿ ಹರಡಿರುತ್ತದೆ. ಮಗನ ಹೆಸರು ಸಿಕ್ಕಿದರೆ ಅದೇ ಹೆಸರಿನ ಮತ್ತಿಬ್ಬರು ಅದೇ ಪುಟದಲ್ಲಿ ಕುಳಿತಿರುತ್ತಾರೆ. ಅಂತೂ ದೊರೆತ ಜನ್ಮದಿನಾಂಕವು ಜೂನ್ 1 ಆಗಿರುತ್ತದೆ. ಅದರ ಮೇಲಿನದೂ ಜೂನ್ 1, ಕೆಳಗಿನದೂ ಜೂನ್ 1. ಶಾಲೆ ತೆರೆಯುವ ಹೊತ್ತಿಗೆ ಮಗುವಿನ ಕೈಯನ್ನು ತಲೆಯ ಮೇಲಿನಿಂದ ಬಳಸಿ ಕಿವಿ ಮುಟ್ಟಿಸಿ, ಮುಟ್ಟಿತೆಂದರೆ ವಯಸ್ಸಾಯಿತೆಂದು ದಾಖಲು ಮಾಡಿಕೊಂಡ ಅಂದಿನ ಮೇಷ್ಟರುಗಳು, ಒಂದಿಡೀ ತಲೆಮಾರನ್ನು ಒಂದೇ ದಿನ ಹುಟ್ಟಿಸಿದರು. ಅವರಿಗೂ ಕಚೇರಿ ಸಹಾಯಕರಿರಲಿಲ್ಲ.

ಇನ್ನು ಅನುಮಾನ ಪ್ರಮಾಣವನ್ನು ನೋಡೋಣ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ತರ್ಕಶಾಸ್ತ್ರದ ಮೊದಲ ಪಾಠದಲ್ಲಿಯೇ ಹೇಳುತ್ತಾರೆ. ಹನಗೋಡು ಸೀಮೆಯಲ್ಲಿ ಈ ಪಾಠಕ್ಕೆ ಸ್ವಲ್ಪ ತಿದ್ದುಪಡಿ ಅವಶ್ಯಕ. ಇಲ್ಲಿ ಮುಂಗಾರು ಬಲಿತ ಮೇಲೆ ಹೊಗೆ ಕಂಡರೆ ಅದು ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನದು; ಬ್ಯಾರನ್ನಿನಲ್ಲಿ ಹೊಗೆಯಿದ್ದರೆ ಅಂದು ತರಗತಿಯ ಹಿಂದಿನ ಬೆಂಚಿನಲ್ಲಿ ಒಂದಿಬ್ಬರು ಇಲ್ಲ, ಸೊಪ್ಪು ಕಟ್ಟಲು ಕೈ ಸಾಲದೆ ಮನೆಯಲ್ಲಿ ನಿಲ್ಲಿಸಿಕೊಂಡಿದ್ದಾರೆ ಎಂಬುದು ಇಲ್ಲಿನ ವ್ಯಾಪ್ತಿ. ನಾಗರಹೊಳೆಯ ಅಂಚಿನ ಹಾಡಿಗಳ ಕಡೆಯಿಂದ ಬರುವ ಮಕ್ಕಳು ತಡವಾದರೆ ದಾರಿಯಲ್ಲಿ ಆನೆ ನಿಂತಿತ್ತೆಂದು ತಿಳಿಯಬೇಕು. ಹಾಜರಿ ಪುಸ್ತಕದಲ್ಲಿ ಆನೆಗೆ ಅಂಕಣವಿಲ್ಲ. ಆದ್ದರಿಂದ ಮನೆಮನೆಗೆ ಹೋಗಿ ಮಕ್ಕಳನ್ನು ಕರೆದು ತರುವ ಕೆಲಸವೂ ನಮ್ಮ ಅದೃಶ್ಯ ಸಹಾಯಕನಿಗೆ, ಎಂದರೆ ದೃಶ್ಯ ಮುಖ್ಯೋಪಾಧ್ಯಾಯರಿಗೆ, ಬಂದು ಸೇರುತ್ತದೆ.

ಬಿಸಿಯೂಟವು 2002ರಲ್ಲಿ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆಗೂ ಬಂದಿತು. ಬೇಯಿಸುವುದಕ್ಕೆ ಗೌರವಧನದ ಮೇಲೆ ದುಡಿಯುವ ತಾಯಂದಿರಿದ್ದಾರೆ, ಅವರ ಕೈ ತಣ್ಣಗಿರಲಿ. ಆದರೆ ಐದನೆಯ ತರಗತಿಯವರೆಗಿನ ಮಗುವಿಗೆ 100 ಗ್ರಾಂ, ಆರರಿಂದ ಮೇಲಿನದಕ್ಕೆ 150 ಗ್ರಾಂ ಎಂಬ ಲೆಕ್ಕದಲ್ಲಿ ಅಕ್ಕಿ ಅಳೆದುಕೊಟ್ಟು ಪುಸ್ತಕಕ್ಕೆ ಏರಿಸುವವನು ಯಾರು? 2013ರ ಆಗಸ್ಟ್ 1ರಂದು ಕ್ಷೀರಭಾಗ್ಯವು ಬಂದಿತು: ಮಗುವಿಗೆ 18 ಗ್ರಾಂ ಪುಡಿ, ಅದರಿಂದ 150 ಮಿಲಿಲೀಟರ್ ಹಾಲು. ಪುಡಿಯನ್ನು ಒಮ್ಮೆಲೆ ಸುರಿದರೆ ಗಂಟು ಕಟ್ಟುತ್ತದೆ, ಉಗುರುಬೆಚ್ಚನೆಯ ನೀರಿನಲ್ಲಿ ಮೊದಲು ಕದಡಿಕೊಂಡು ಆಮೇಲೆ ಕಾದ ನೀರಿಗೆ ಬೆರೆಸಬೇಕು ಎಂಬ ಕ್ಷೀರಸಾಗರ ಮಥನದ ಸೂಕ್ಷ್ಮವನ್ನು ಬಲ್ಲ ಮುಖ್ಯೋಪಾಧ್ಯಾಯರು ಈ ಹೋಬಳಿಯಲ್ಲಿ ಹಲವರುಂಟು. ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರರ ಹೊರತು ಶಿಕ್ಷಕರನ್ನು ಬೋಧನೇತರ ಕಾರ್ಯಕ್ಕೆ ನಿಯೋಜಿಸಕೂಡದೆಂದು ಕಾಯಿದೆಯ 27ನೆಯ ಪ್ರಕರಣವು ಸಾರುವುದೇನೋ ದಿಟ. ಹಾಲು ಗಂಟು ಕಟ್ಟುವುದನ್ನು ವಿಪತ್ತೆಂದು ವ್ಯಾಖ್ಯಾನಿಸಿದರೆ ವಿರೋಧ ಪರಿಹಾರವಾಗುತ್ತದೆ.

ಎಲ್ಲಕ್ಕಿಂತ ಗಹನವಾದ ಅಧ್ಯಾಯವು ದೂರವಾಣಿಯದು, ಮತ್ತು ಇಲ್ಲಿ ನನ್ನ ಹಾಸ್ಯವು ಕೊಂಚ ಕುಂದುತ್ತದೆ. ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಹುಟ್ಟಿ ನಾಡಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ, ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ‘ತಟ್ಟೆ’ಗಳೆಂಬ ಗುಂಪುಗಳಾಗಿ ಕುಳಿತು, ತಮ್ಮ ತಮ್ಮ ಕಲಿಕೆಯ ಏಣಿಯ ಮೆಟ್ಟಿಲನ್ನು ತಾವೇ ಏರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಭಾಗಶಃ, ಮತ್ತೆರಡಕ್ಕೆ ಗೆಳೆಯರ ಬೆಂಬಲ, ಕೊನೆಯದಕ್ಕೆ ಸ್ವಕಲಿಕೆ. ಮೊದಲ ತಟ್ಟೆಯಲ್ಲಿ ಒಂದು ಮಗು ‘ರ’ಕಾರದ ಬಾಲವನ್ನು ಎತ್ತ ತಿರುಗಿಸಬೇಕೆಂದು ಬಳಪವೆತ್ತಿ ಮೇಷ್ಟರ ಮುಖ ನೋಡುತ್ತಿರುವ ಗಳಿಗೆಗೇ ಸರಿಯಾಗಿ ವಾಟ್ಸಾಪಿನಲ್ಲಿ ಸಂದೇಶವು ಅವತರಿಸುತ್ತದೆ: ಅತಿ ತುರ್ತು, ನಿಗದಿತ ನಮೂನೆಯಲ್ಲಿ, ಹನ್ನೊಂದು ಗಂಟೆಯೊಳಗೆ. ಆಗ ಗಡಿಯಾರದಲ್ಲಿ ಹತ್ತು ಐವತ್ತು. ಕೊಠಡಿಯೊಳಗೆ ನೆಟ್‌ವರ್ಕ್ ಸಿಕ್ಕದೆ ಮೇಷ್ಟರು ಅಂಗಳದ ಧ್ವಜಸ್ತಂಭದ ಕಟ್ಟೆಯನ್ನೇರಿ ಮೊಬೈಲನ್ನು ಆಕಾಶಕ್ಕೆ ಹಿಡಿದು ನಿಲ್ಲುತ್ತಾರೆ. ಒಳಗೆ ಐದು ತಟ್ಟೆಗಳೂ ಆ ಕ್ಷಣಕ್ಕೆ ಸ್ವಕಲಿಕೆಯ ತಟ್ಟೆಯಾಗಿ ಪರಿವರ್ತಿತವಾಗಿರುತ್ತವೆ. ‘ರ’ಕಾರದ ಬಾಲವು ಬಂದ ಕಡೆಗೆ ತಿರುಗುತ್ತದೆ.

ಗಂಟೆಯ ವಿಚಾರವನ್ನು ಸಂಕ್ಷೇಪಿಸುತ್ತೇನೆ. ಜವಾನನಿಲ್ಲದಿರುವುದರಿಂದ ರೈಲುಕಂಬಿಯ ತುಂಡನ್ನು ಬಾರಿಸುವ ಅಧಿಕಾರವು ಏಳನೆಯ ತರಗತಿಯ ಒಬ್ಬ ಬಾಲಕನಲ್ಲಿ ನಿಹಿತವಾಗಿರುತ್ತದೆ. ಅವನು ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಸಾಯಂಕಾಲದ ಗಂಟೆ ಒಂದೆರಡು ನಿಮಿಷ ಮುಂಚಿತವಾಗುವುದೂ, ಬೆಳಗಿನದು ಎಂದೂ ಮುಂಚಿತವಾಗದಿರುವುದೂ ಸಹಜ.

ಕಡೆಯದಾಗಿ ಶಬ್ದ ಪ್ರಮಾಣ. ವರ್ಷಕ್ಕೊಮ್ಮೆ ತುಂಬಬೇಕಾದ ಯು-ಡೈಸ್ ಮಾಹಿತಿಯಲ್ಲಿ ಬೋಧಕೇತರ ಸಿಬ್ಬಂದಿಯ ವಿವರವನ್ನೂ ಕೇಳುತ್ತಾರೆ. ಮಕ್ಕಳು ಮನೆಗೆ ಹೋದ ಮೇಲೆ, ಅಂದಿನ ಅಕ್ಕಿಯ ಲೆಕ್ಕ ಮುಗಿಸಿ, ಟಪಾಲನ್ನು ಆವಕಕ್ಕೆ ಏರಿಸಿ, ಮುಖ್ಯೋಪಾಧ್ಯಾಯರು ಆ ಅಂಕಣದಲ್ಲಿ ದುಂಡಗೆ ಸೊನ್ನೆ ಬರೆಯುತ್ತಾರೆ. ಸಹಾಯಕನಿಲ್ಲವೆಂದು ಬರೆಯುವುದು ಸಹಾಯಕನ ಕೆಲಸ. ಅದನ್ನು ಅವನೇ ಬರೆಯುತ್ತಿದ್ದಾನೆ. ಮುದ್ರೆಯೊತ್ತಿ ಕಳುಹಿಸುವವನೂ ಅವನೇ. ಅಭಾವವು ತನ್ನನ್ನು ತಾನೇ ದೃಢೀಕರಿಸಿಕೊಂಡ ಇಂಥ ಉದಾಹರಣೆ ಷಡ್ದರ್ಶನಗಳಲ್ಲಿ ಎಲ್ಲಿಯೂ ಕಾಣದು. ತಾಲ್ಲೂಕಿಗೆ ಹೋಗುವ ಪ್ರತಿಯ ಕೆಳಗೆ ಸಿದ್ಧಪಡಿಸಿದವರು, ಪರಿಶೀಲಿಸಿದವರು, ದೃಢೀಕರಿಸಿದವರು ಎಂದು ಮೂರು ರುಜುಗಳಿಗೆ ಎಡೆ ಬಿಟ್ಟಿರುತ್ತದೆ. ಮೊದಲನೆಯದನ್ನು ಅವರು ಪೂರ್ಣಾಕ್ಷರದಲ್ಲಿ ಹಾಕುತ್ತಾರೆ, ಎರಡನೆಯದನ್ನು ತುಸು ಮೊಟಕುಗೊಳಿಸುತ್ತಾರೆ. ಹುಣಸೂರಿನ ಕಡೆಯ ಬಸ್ಸಿನ ಹಾರನ್ನು ಕೇಳಿಸಿದ್ದರಿಂದ ಮೂರನೆಯದು ಒಂದು ಗೀಟು ಮತ್ತು ಎರಡು ಚುಕ್ಕೆ. ಅದು ಮೊದಲಿನೆರಡನ್ನು ಹೋಲುತ್ತಿಲ್ಲವೆಂದು ನಮೂನೆಯು ಹಿಂತಿರುಗಿ ಬಂದರೆ, ಅದನ್ನು ಆವಕ ಪುಸ್ತಕಕ್ಕೆ ಏರಿಸಿಕೊಳ್ಳಬೇಕು.